ಗಾಜಿನ ಕಡಲಿನ ದಾಯಾದಿಗಳು

ನನ್ನ ಮಿತ್ರರೊಬ್ಬರು ಕೆಲವು ವರ್ಷಗಳ ಹಿಂದೆ ತಮ್ಮ ಮನೆಯಲ್ಲಿ ಉಪ್ಪುನೀರಿನ ಮತ್ಸ್ಯಾಗಾರವೊಂದನ್ನು ಇರಿಸಿದರು. ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ಕಲ್ಲುಗಳನ್ನು ಪೇರಿಸಿ ಕಟ್ಟಿದ ಪುಟ್ಟ ದಿಬ್ಬ. ಮೇಲೆ ಪ್ರಖರವಾದ ದೀಪ. ಅದರೊಳಗೆ ಅವರು ಮೊದಲು ಬಿಟ್ಟದ್ದು ಐದು ಡಾಮಿನೊ ಮೀನುಗಳನ್ನು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು, ಮೈಯೆಲ್ಲ ಮಸಿಗಪ್ಪು, ಹಣೆಯ ಮೇಲೊಂದು, ಎರಡು ಪಕ್ಕಗಳಲ್ಲಿ ಒಂದೊಂದು ಬಿಳಿಯ ಬೊಟ್ಟು. ನೋಡಿದವರೆಲ್ಲ ಮೆಚ್ಚಿದರು. ಮೂರು ತಿಂಗಳ ಬಳಿಕ ನಾನು ಮತ್ತೆ ಹೋದಾಗ ತೊಟ್ಟಿಯಲ್ಲಿ ಉಳಿದಿದ್ದುದು ಒಂದೇ ಮೀನು. ನೀರು ನಿರ್ಮಲವಾಗಿತ್ತು, ಉಪ್ಪಿನ ಪ್ರಮಾಣ ಸರಿಯಾಗಿತ್ತು, ಆಹಾರಕ್ಕೂ ಕೊರತೆಯಿರಲಿಲ್ಲ. ಉಳಿದ ನಾಲ್ಕನ್ನು ಆ ಒಂದೇ ಮೀನು ಅಟ್ಟಿ, ಕಚ್ಚಿ, ಮೂಲೆಗೆ ಒತ್ತಿ ಕೊಂದಿತ್ತು. “ಒಂದೇ ಜಾತಿಯವಲ್ಲವೆ, ಒಟ್ಟಿಗೆ ಸುಖವಾಗಿರುತ್ತವೆ ಎಂದುಕೊಂಡಿದ್ದೆ” ಎಂದರು ಮಿತ್ರರು.

ಈ ತಪ್ಪು ಸಹಜವಾದುದೇ. ಕಡಲಿನಲ್ಲಿ ಇದೇ ಮೀನಿನ ಮರಿಗಳು ಕಡಲಹೂವಿನ ಸುತ್ತ ಗುಂಪುಗೂಡಿ ಬದುಕುವುದುಂಟು. ಅಲ್ಲಿ ಬದುಕಲು ಸಾಧ್ಯವಾದವು ಇಲ್ಲಿ ಏಕೆ ಸತ್ತವು? ಹವಳದ ಮತ್ಸ್ಯಾಗಾರಕ್ಕೆ ಮೀನುಗಳನ್ನು ಆರಿಸುವ ವಿದ್ಯೆಯ ಬಹುಭಾಗ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಹತ್ತಿರದವನೇ ಹಗೆ

ಆಸ್ಟ್ರಿಯದ ಪ್ರಾಣಿಶಾಸ್ತ್ರಜ್ಞ ಕಾನ್ರಾಡ್ ಲೊರೆಂಜ್ ಅವರು ಪ್ರಾಣಿಗಳ ಆಕ್ರಮಣ ಸ್ವಭಾವವನ್ನು ಕುರಿತು ೧೯೬೩ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ ೧೯೭೩ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಮೂವರಲ್ಲಿ ಇವರೂ ಒಬ್ಬರು. ಆ ಗ್ರಂಥ ಆರಂಭವಾಗುವುದು ಹವಳದ ಮೀನುಗಳಿಂದ. ಫ್ಲಾರಿಡದ ಕಡಲಿನಲ್ಲಿ ಮುಳುಗಿ ನೋಡಿದುದನ್ನೂ ತಮ್ಮ ಗಾಜಿನ ತೊಟ್ಟಿಗಳಲ್ಲಿ ಕಂಡುದನ್ನೂ ಅವರು ಹೋಲಿಸಿದರು. ಉಜ್ಜ್ವಲವಾದ ಬಣ್ಣಗಳುಳ್ಳ ಮೀನುಗಳು ಪರಜಾತಿಯ ಮೀನುಗಳನ್ನು ಅಷ್ಟಾಗಿ ಲಕ್ಷಿಸದೆ ಸ್ವಜಾತಿಯವುಗಳ ಮೇಲೆಯೇ ಎರಗುತ್ತವೆ ಎಂಬುದು ಅವರಿಗೆ ಸ್ಪಷ್ಟವಾಯಿತು. ಕಡಲಿನಲ್ಲಿ ಇದರಿಂದ ರಕ್ತಪಾತವಾಗುವುದಿಲ್ಲ. ಸೋತ ಮೀನು ಓಡಿಹೋಗುತ್ತದೆ. ಗೆದ್ದ ಮೀನು ತನ್ನ ಎಲ್ಲೆಯವರೆಗೆ ಅಟ್ಟಿಕೊಂಡು ಹೋಗಿ ಹಿಂದಿರುಗುತ್ತದೆ. ತೊಟ್ಟಿಯಲ್ಲಿ ಸೋತವನಿಗೆ ಓಡಲು ಎಡೆಯಿಲ್ಲ. ನಾಲ್ಕು ಅಡಿ ಓಡಿದರೆ ಗಾಜು ಅಡ್ಡಬರುತ್ತದೆ. ಗೆದ್ದವನ ಕಣ್ಣಿಗೆ ಅವನು ಇನ್ನೂ ಎಲ್ಲೆಯೊಳಗೇ ನಿಂತ ಅತಿಕ್ರಮಿ. ಆದುದರಿಂದ ಹೊಡೆತ ನಿಲ್ಲುವುದಿಲ್ಲ.

ಸ್ವಜಾತಿಯ ಮೇಲೆಯೇ ಈ ರೋಷವೇಕೆ? ನಮ್ಮಲ್ಲಿ ಪಿತ್ರಾರ್ಜಿತ ಹೊಲಕ್ಕಾಗಿ ಕಾದಾಡುವವರು ದಾರಿಹೋಕರಲ್ಲ, ದಾಯಾದಿಗಳು. ಒಂದೇ ಆಸ್ತಿಯ ಮೇಲೆ ಹಕ್ಕುಳ್ಳವರ ನಡುವೆ ವ್ಯಾಜ್ಯ ಹುಟ್ಟುತ್ತದೆ. ಮೀನಿಗೆ ಆಸ್ತಿಯೆಂದರೆ ಅಡಗುವ ಬಿಲ, ಮೇಯುವ ಕಲ್ಲು, ಸಂಗಾತಿ. ಇವೆಲ್ಲವನ್ನೂ ಬಯಸುವ ಜೀವಿ ತನ್ನ ಜಾತಿಯದೇ ಆದ ಇನ್ನೊಂದು ಮೀನು. ಲೊರೆಂಜರ ವಾದಕ್ಕೆ ಮುಂದೆ ತಿದ್ದುಪಡಿಗಳಾದವು. ಕಲ್ಲಿನ ಮೇಲೆ ಪಾಚಿಯ ತೋಟವನ್ನು ಕಾಯುವ ಕೆಲವು ಡ್ಯಾಮ್ಸೆಲ್ ಮೀನುಗಳು ಪಾಚಿ ತಿನ್ನುವ ಯಾವ ಮೀನು ಬಂದರೂ, ಅದು ಪರಜಾತಿಯದಾದರೂ, ಅಟ್ಟಿಬಿಡುತ್ತವೆ. ಎಂದರೆ ವೈರಕ್ಕೆ ಮೂಲ ಹೆಸರಿನ ಸಾಮ್ಯವಲ್ಲ, ಕಸುಬಿನ ಸಾಮ್ಯ.

ರಷ್ಯದ ಜೀವವಿಜ್ಞಾನಿ ಗೌಸ್ ೧೯೩೪ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದೇ ತತ್ತ್ವವನ್ನು ಪ್ರನಾಳದಲ್ಲಿ ತೋರಿಸಿಕೊಟ್ಟವು. ಒಂದೇ ಆಹಾರವನ್ನು ಒಂದೇ ರೀತಿಯಲ್ಲಿ ತಿನ್ನುವ ಎರಡು ಜಾತಿಯ ಪ್ಯಾರಮೀಸಿಯಂಗಳನ್ನು ಅವರು ಒಟ್ಟಿಗೆ ಬೆಳೆಸಿದರು. ಬೇರೆಬೇರೆಯಾಗಿದ್ದಾಗ ಎರಡೂ ಹುಲುಸಾಗಿ ಬೆಳೆಯುತ್ತಿದ್ದವು. ಒಟ್ಟಿಗಿಟ್ಟಾಗ ಒಂದು ನಿರ್ನಾಮವಾಯಿತು. ಆದರೆ ಒಂದು ಮೇಲಣ ನೀರಿನಲ್ಲಿಯೂ ಇನ್ನೊಂದು ತಳದಲ್ಲಿಯೂ ಮೇಯುವಂಥ ಜೋಡಿಯನ್ನು ಆರಿಸಿದಾಗ ಎರಡೂ ಉಳಿದವು. ಮೀನುಗಳನ್ನು ಕೊಳ್ಳಲು ಹೊರಟವರು ಈ ಎರಡನೆಯ ಪ್ರನಾಳವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಕ್ಯಾರಿಬಿಯನ್ ಕಡಲಿನಲ್ಲಿ ರಾಯಲ್ ಗ್ರಾಮ ಎಂಬ ಪುಟ್ಟ ಮೀನು ಇದೆ. ಅದರ ಮುಂಭಾಗ ನೇರಳೆ, ಹಿಂಭಾಗ ಹಳದಿ. ಪಶ್ಚಿಮ ಶಾಂತಸಾಗರದಲ್ಲಿ ಡಾಟಿಬ್ಯಾಕ್ ಎಂಬ ಬೇರೊಂದು ಕುಲದ ಮೀನಿಗೂ ಇಂಥದೇ ವೇಷ. ಎರಡೂ ಕಲ್ಲಿನ ಸಂದಿಗಳಲ್ಲಿ ವಾಸಿಸುವಂಥವು. ನಡುವೆ ಒಂದು ಖಂಡವೇ ಇರುವುದರಿಂದ ಪ್ರಕೃತಿಯಲ್ಲಿ ಇವು ಎಂದೂ ಭೇಟಿಯಾಗುವುದಿಲ್ಲ. ಅಂಗಡಿಯಲ್ಲಿ ಮಾತ್ರ ಎರಡೂ ಪಕ್ಕಪಕ್ಕದ ತೊಟ್ಟಿಗಳಲ್ಲಿ ಇರುತ್ತವೆ. ಚೆಲುವಿಗೆ ಮರುಳಾಗಿ ಎರಡನ್ನೂ ತಂದವನ ಮನೆಯಲ್ಲಿ ಬಿಲಕ್ಕಾಗಿ ಕದನ ಆರಂಭವಾಗುತ್ತದೆ. ಬಲವಾದ ಡಾಟಿಬ್ಯಾಕೇ ಸಾಮಾನ್ಯವಾಗಿ ಗೆಲ್ಲುತ್ತದೆ. ಆದುದರಿಂದ ಬಣ್ಣ, ಆಕಾರ, ವಾಸಸ್ಥಾನ ಇವು ಹೋಲುವ ಎರಡು ಮೀನುಗಳನ್ನು, ಅವುಗಳ ಹೆಸರು ಬೇರೆಯಾದರೂ, ಚಿಕ್ಕ ತೊಟ್ಟಿಯಲ್ಲಿ ಕೂಡಿಸಬಾರದು.

ದಾಂಪತ್ಯದ ಅಪವಾದ

ಹಾಗಾದರೆ ಒಂದೇ ಜಾತಿಯ ಎರಡು ಮೀನುಗಳನ್ನು ಎಂದೂ ಇಡಲಾಗದೆ? ಇಡಬಹುದು, ಅವು ಪ್ರತಿಸ್ಪರ್ಧಿಗಳಲ್ಲದೆ ದಂಪತಿಗಳಾಗಿದ್ದರೆ. ಕಿತ್ತಳೆ ಮೈಯ ಮೇಲೆ ಬಿಳಿಯ ಪಟ್ಟೆಗಳುಳ್ಳ ವಿದೂಷಕ ಮೀನು ಇದಕ್ಕೆ ಒಳ್ಳೆಯ ನಿದರ್ಶನ. ಈ ಜಾತಿಯ ಮೀನುಗಳು ಸಾಮಾನ್ಯವಾಗಿ ಮೊದಲು ಗಂಡಿನ ಸ್ಥಿತಿಯನ್ನು ತಲುಪುತ್ತವೆ. ಕಡಲಹೂವಿನಲ್ಲಿ ವಾಸಿಸುವ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಅದರ ಗಂಡು, ಉಳಿದವು ಸಂತಾನವಿಲ್ಲದ ಕಿರಿಯವು. ಹೆಣ್ಣು ಸತ್ತರೆ ಗಂಡು ಹೆಣ್ಣಾಗಿ ಮಾರ್ಪಡುತ್ತದೆ. ಮೂರನೆಯದು ಗಂಡಿನ ಪಟ್ಟಕ್ಕೆ ಏರುತ್ತದೆ. ಹಾನ್ಸ್ ಫ್ರಿಕೆ ಮತ್ತು ಸಿಮೋನ್ ಫ್ರಿಕೆ ಎಂಬವರು ೧೯೭೭ರಲ್ಲಿ ಈ ಲಿಂಗ ಪರಿವರ್ತನೆಯನ್ನು ವಿವರಿಸಿದರು. ಕಿರಿಯ ಮೀನುಗಳು ತಮ್ಮ ಬೆಳವಣಿಗೆಯನ್ನು ತಾವೇ ತಡೆದುಕೊಂಡು ಹಿರಿಯದಕ್ಕಿಂತ ಚಿಕ್ಕವಾಗಿಯೇ ಇರುತ್ತವೆ ಎಂಬುದೂ ಆಮೇಲೆ ತಿಳಿಯಿತು. ದಾಯಾದಿ ಎನಿಸಿಕೊಳ್ಳದಿರಲು ಅವು ಕಂಡುಕೊಂಡ ಉಪಾಯವಿದು. ಗಾತ್ರದಲ್ಲಿ ಸ್ವಲ್ಪ ವ್ಯತ್ಯಾಸವಿರುವ ಎರಡು ಎಳೆಯ ಮೀನುಗಳನ್ನು ಒಟ್ಟಿಗೆ ತಂದರೆ ದೊಡ್ಡದು ಹೆಣ್ಣಾಗಿ, ಚಿಕ್ಕದು ಗಂಡಾಗಿ ಜೊತೆಗೂಡುತ್ತವೆ. ಈ ಜೋಡಿಗೆ ಮೂರನೆಯದನ್ನು ಸೇರಿಸುವುದು ಮಾತ್ರ ಅದನ್ನು ಸಾವಿಗೆ ಒಪ್ಪಿಸಿದಂತೆ.

ಇದಕ್ಕೆ ಪ್ರತಿಯಾಗಿ ಪರಜಾತಿಯ ಸ್ನೇಹವೂ ಉಂಟು. ಕೆಲವು ಗೋಬಿ ಮೀನುಗಳು ಒಂದು ಬಗೆಯ ಸೀಗಡಿಯ ಬಿಲದಲ್ಲಿ ಅದರ ಜೊತೆಯಲ್ಲಿಯೇ ವಾಸಿಸುತ್ತವೆ. ಸೀಗಡಿಗೆ ದೃಷ್ಟಿ ಮಂದ, ಆದರೆ ಅಗೆಯುವುದರಲ್ಲಿ ನಿಪುಣ. ಮೀನಿಗೆ ದೃಷ್ಟಿ ಚುರುಕು, ಅಗೆಯಲು ಬಾರದು. ಸೀಗಡಿ ಹೊರಗೆ ಬಂದಾಗ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡಿರುತ್ತದೆ. ಅಪಾಯ ಕಂಡೊಡನೆ ಮೀನು ಬಾಲವನ್ನು ಕಂಪಿಸುತ್ತದೆ. ಎರಡೂ ಒಳಗೆ ಸರಿಯುತ್ತವೆ. ಕಸುಬು ಬೇರೆಯಾದುದರಿಂದ ಇಲ್ಲಿ ಕೂಡುಬಾಳು ಸಾಧ್ಯವಾಗಿದೆ.

ಬಾಯಿಯ ಅಳತೆ, ಹೊಟ್ಟೆಯ ಪಾಡು

ಜಗಳವಾಡದ ಮೀನುಗಳೆಲ್ಲ ಒಳ್ಳೆಯ ನೆರೆಯವರೆಂದು ತಿಳಿಯಬಾರದು. ಸಿಂಹಮೀನು ಯಾರೊಡನೆಯೂ ಜಗಳ ಕಾಯುವುದಿಲ್ಲ. ತನ್ನ ಬಾಯಿಗೆ ಹಿಡಿಯುವ ಮೀನನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಆದುದರಿಂದ ಮೀನಿನ ಉದ್ದಕ್ಕಿಂತ ಮೊದಲು ಅದರ ಬಾಯಿಯನ್ನು ನೋಡಬೇಕು. ಚಿಟ್ಟೆಮೀನುಗಳಲ್ಲಿ ಹಲವು ಸಾಧುಸ್ವಭಾವದವು. ಆದರೆ ಅವುಗಳ ಆಹಾರ ಹವಳದ ಜೀವಿಗಳೇ. ಹವಳವಿರುವ ತೊಟ್ಟಿಗೆ ಅವನ್ನು ಬಿಡುವುದು ಹೂದೋಟಕ್ಕೆ ಆಡನ್ನು ಬಿಟ್ಟಂತೆ.

ಇನ್ನು ಕೆಲವು ಮೀನುಗಳು ಯಾರಿಗೂ ಕೇಡು ಮಾಡದೆ ತಾವೇ ಸಾಯುತ್ತವೆ. ನೀಲಿ, ಹಸಿರು, ಕಿತ್ತಳೆ ಬಣ್ಣಗಳ ಚಿತ್ತಾರವುಳ್ಳ ಮ್ಯಾಂಡರಿನ್ ಮೀನು ದಿನವಿಡೀ ಕಲ್ಲುಗಳ ಮೇಲಿನ ಸೂಕ್ಷ್ಮ ಕಠಿಣಚರ್ಮಿಗಳನ್ನು ಹೆಕ್ಕಿ ತಿನ್ನುತ್ತದೆ. ಹೊಸ ತೊಟ್ಟಿಯಲ್ಲಿ ಅವು ಬೇಗ ಮುಗಿದುಹೋಗುತ್ತವೆ. ಒಣ ಆಹಾರವನ್ನು ಈ ಮೀನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕೆಲವು ವಾರಗಳಲ್ಲಿ ಬಡಕಲಾಗಿ ಸಾಯುತ್ತದೆ. ಇತರ ಮೀನುಗಳ ಮೈಯ ಪರೋಪಜೀವಿಗಳನ್ನು ತೆಗೆದು ತಿನ್ನುವ ಶುಚಿಕಾರ ಮೀನಿಗೂ ಇದೇ ಗತಿ: ಕಡಲಿನಲ್ಲಿ ಅದಕ್ಕೆ ದಿನವೂ ನೂರಾರು ಗಿರಾಕಿಗಳು, ತೊಟ್ಟಿಯಲ್ಲಿ ಐದಾರು. ಕಡಲಕುದುರೆ ನಿಧಾನವಾಗಿ ತಿನ್ನುವ ಜೀವಿ; ಚುರುಕಾದ ಮೀನುಗಳ ಪಂಕ್ತಿಯಲ್ಲಿ ಅದು ಉಪವಾಸ ಬೀಳುತ್ತದೆ.

ನೀರಿನ ಲೆಕ್ಕ

ಭೌತವಿಜ್ಞಾನವೂ ಇಲ್ಲಿ ತನ್ನ ಮಾತನ್ನು ಹೇಳುತ್ತದೆ. ನನ್ನ ಮಿತ್ರರ ತೊಟ್ಟಿ ೧೨೦ ಸೆಂಟಿಮೀಟರ್ ಉದ್ದ, ೪೫ ಸೆಂಟಿಮೀಟರ್ ಅಗಲ, ೪೫ ಸೆಂಟಿಮೀಟರ್ ಎತ್ತರ. ಎಂದರೆ ೨೪೩ ಲೀಟರ್. ಕಲ್ಲು ಮರಳುಗಳನ್ನು ಕಳೆದರೆ ನೀರು ಸುಮಾರು ೨೦೦ ಲೀಟರ್. ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು ೮.೨ ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಂಡರೆ, ಲೀಟರಿಗೆ ಸುಮಾರು ೩೫ ಗ್ರಾಂ ಲವಣಗಳುಳ್ಳ ಕಡಲ ನೀರು ೬.೭ ಮಿಲಿಗ್ರಾಂ ಮಾತ್ರ ಕರಗಿಸಿಕೊಳ್ಳಬಲ್ಲುದು. ಇಡೀ ತೊಟ್ಟಿಯಲ್ಲಿರುವ ಆಮ್ಲಜನಕ ಒಂದೂವರೆ ಗ್ರಾಮಿಗಿಂತ ಕಡಮೆ! ಮೀನು, ಹವಳ, ಬ್ಯಾಕ್ಟೀರಿಯ ಎಲ್ಲವೂ ಇದನ್ನೇ ಹಂಚಿಕೊಂಡು ಉಸಿರಾಡಬೇಕು. ರಾತ್ರಿ ವಿದ್ಯುತ್ತು ನಿಂತು ನೀರಿನ ಚಲನೆ ನಿಂತರೆ ಕಿಕ್ಕಿರಿದ ತೊಟ್ಟಿಗೆ ಮೊದಲು ಅಪಾಯ.

ಎರಡನೆಯ ಲೆಕ್ಕ ಅಮೋನಿಯದ್ದು. ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಗಳು ನೈಟ್ರೈಟಾಗಿಯೂ, ಮತ್ತೊಂದು ಬಗೆಯವು ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಇವು ಕಲ್ಲುಗಳ ಮೇಲೆ ನೆಲೆಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಕಡಲ ನೀರು ಕೊಂಚ ಕ್ಷಾರೀಯವಾದುದರಿಂದ ಅಮೋನಿಯದ ವಿಷರೂಪದ ಪಾಲು ಅಲ್ಲಿ ತಟಸ್ಥ ನೀರಿನಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಮೀರಿರುತ್ತದೆ. ಸಿಹಿನೀರಿನಲ್ಲಿ ಕ್ಷಮ್ಯವಾದ ಅವಸರ ಇಲ್ಲಿ ಕ್ಷಮ್ಯವಲ್ಲ. ಮೀನುಗಳನ್ನು ಒಂದೊಂದಾಗಿ, ವಾರಗಳ ಅಂತರವಿಟ್ಟು ಬಿಡಬೇಕು.

ಒಂದು ತೊಟ್ಟಿಯ ಸಂಸಾರ

ಈ ವಿಚಾರಗಳನ್ನೆಲ್ಲ ಕೂಡಿಸಿ, ಮಿತ್ರರೂ ನಾನೂ ಅದೇ ತೊಟ್ಟಿಗೆ ಹೊಸ ಯೋಜನೆಯೊಂದನ್ನು ಹಾಕಿದೆವು. ಡಾಮಿನೊ ಮೀನು ಹದಿನಾಲ್ಕು ಸೆಂಟಿಮೀಟರ್‌ವರೆಗೆ ಬೆಳೆಯುವ ಕಾದಾಳಿ. ಅದನ್ನು ಅಂಗಡಿಗೆ ಹಿಂದಿರುಗಿಸಿದೆವು. ಮರಳಿನ ನೆಲಕ್ಕೆ ಒಂದು ಗೋಬಿ ಮತ್ತು ಅದರ ಸೀಗಡಿ. ದಿಬ್ಬದ ಮೇಲೆ ನೀರಿನಲ್ಲಿ ತೇಲಿ ನಿಲ್ಲಲು ಒಂದು ಬೆಂಕಿಮೀನು. ಕಲ್ಲಿನ ಸಂದಿಗೆ ಒಂದು ರಾಯಲ್ ಗ್ರಾಮ. ಬಯಲಿಗೆ ವಿದೂಷಕ ಮೀನುಗಳ ಒಂದು ಜೋಡಿ. ಇಷ್ಟೇ. ಮಿತ್ರರಿಗೆ ಹಳದಿ ಟ್ಯಾಂಗ್ ಮೀನಿನ ಮೇಲೆ ಆಸೆಯಿತ್ತು. ಆದರೆ ಅದು ಸುಮಾರು ೨೦ ಸೆಂಟಿಮೀಟರ್ ಬೆಳೆದು, ದಿನವಿಡೀ ಈಜುತ್ತ ಪಾಚಿಯನ್ನು ಮೇಯುವ ಮೀನು. ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳೂ ಉಂಟು. ಅದಕ್ಕೆ ನಮ್ಮ ತೊಟ್ಟಿ ಕಿರಿದು.

ಬಿಡುವ ಕ್ರಮವೂ ಮುಖ್ಯ. ಮೊದಲು ಬಂದ ಮೀನು ಇಡೀ ತೊಟ್ಟಿಯನ್ನು ತನ್ನದೆಂದು ಭಾವಿಸುತ್ತದೆ. ಆದುದರಿಂದ ಅಂಜುಬುರುಕ ಮೀನುಗಳಿಗೆ ಮೊದಲ ಸ್ಥಾನ, ಗಟ್ಟಿಗರಿಗೆ ಕೊನೆಯ ಸ್ಥಾನ. ಬೆಂಕಿಮೀನು ಹೆದರಿದರೆ ನೀರಿನಿಂದ ಹೊರಕ್ಕೆ ನೆಗೆಯುತ್ತದೆ. ತೊಟ್ಟಿಗೆ ಬಲೆಯ ಮುಚ್ಚಳ ಬೇಕು. ಹೊಸ ಮೀನನ್ನು ಬಿಡುವ ಮುನ್ನ ಒಂದೆರಡು ಕಲ್ಲುಗಳ ಸ್ಥಾನವನ್ನು ಬದಲಿಸಿದರೆ ಹಳೆಯ ಎಲ್ಲೆಗಳು ಕೊಂಚ ಅಳಿಸಿ, ಜಗಳ ಹಗುರವಾಗುವುದುಂಟು. ಪ್ರತಿಯೊಂದು ಮೀನನ್ನೂ ಮೊದಲು ಕನಿಷ್ಠ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಬೇಕು. ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಲವಣ ಮದ್ದಾದರೂ, ಅದು ಸೀಗಡಿಗೂ ಹವಳಕ್ಕೂ ವಿಷ. ದೊಡ್ಡ ತೊಟ್ಟಿಗೆ ಅದನ್ನು ಹಾಕುವಂತಿಲ್ಲ.

ಮೀನು ಎಲ್ಲಿಂದ ಬಂದಿತೆಂಬುದನ್ನೂ ಕೇಳಬೇಕು. ಹವಳದ ಮೀನುಗಳ ಹೆಚ್ಚಿನ ಜಾತಿಗಳು ಇಂದಿಗೂ ಕಡಲಿನಿಂದಲೇ ಹಿಡಿದು ತಂದವು. ೧೯೬೦ರ ದಶಕದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಆರಂಭವಾದ, ಸಯನೈಡ್ ಸಿಂಪಡಿಸಿ ಮೀನು ಹಿಡಿಯುವ ಪದ್ಧತಿ ಮೀನನ್ನೂ ಹವಳವನ್ನೂ ಕೊಲ್ಲುತ್ತದೆ. ವಿದೂಷಕ ಮೀನನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಸಾಧಿಸಿದೆ. ಸಾಧ್ಯವಾದಲ್ಲಿ ಹಾಗೆ ಹುಟ್ಟಿದ ಮೀನನ್ನೇ ಕೊಳ್ಳಬೇಕು. ದಿಬ್ಬ ಕಟ್ಟುವ ಹವಳಗಳಿಗೆ ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು; ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಾಗಲಿ ಬೇರೆಲ್ಲಿಯಾಗಲಿ ಅವನ್ನು ಕಿತ್ತು ತರುವುದು ಅಪರಾಧ. ನಮ್ಮ ದಿಬ್ಬ ಮನುಷ್ಯ ನಿರ್ಮಿತ ಕಲ್ಲಿನದು. ಮೀನುಗಳು ಅದನ್ನು ಆಕ್ಷೇಪಿಸಿಲ್ಲ.

ಎರಡು ವರ್ಷಗಳಾದವು, ಐದು ಮೀನುಗಳೂ ಇವೆ. ಪುಟ್ಟ ಜಗಳಗಳು ಇಲ್ಲವೆಂದಲ್ಲ. ಬೆಂಕಿಮೀನು ಸಂದಿಯ ಬಳಿಗೆ ಬಂದರೆ ಗ್ರಾಮ ಬಾಯಿ ತೆರೆದು ಬೆದರಿಸುತ್ತದೆ, ಬೆಂಕಿಮೀನು ಒಂದು ಗೇಣು ಹಿಂದಕ್ಕೆ ಸರಿಯುತ್ತದೆ, ಅಲ್ಲಿಗೆ ಮುಗಿಯಿತು. ಆ ಒಂದು ಗೇಣು ಜಾಗ ಇರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ವಿದ್ಯಾರ್ಥಿಗಳಿಗೆ ಇದರಲ್ಲಿ ಹಣವಿಲ್ಲದೆ ಮಾಡಬಹುದಾದ ಪ್ರಯೋಗವೊಂದಿದೆ. ಯಾವುದಾದರೂ ಮತ್ಸ್ಯಾಗಾರದ ಮುಂದೆ ಒಂದು ಗಂಟೆ ಕುಳಿತು, ಯಾವ ಮೀನು ಯಾವುದನ್ನು ಎಷ್ಟು ಬಾರಿ ಅಟ್ಟಿತು, ತೊಟ್ಟಿಯ ಯಾವ ಭಾಗದಲ್ಲಿ ಅಟ್ಟಿತು ಎಂಬುದನ್ನು ಕೋಷ್ಟಕವಾಗಿ ಬರೆದುಕೊಳ್ಳಿರಿ. ಮರುದಿನ ಅದೇ ವೇಳೆಗೆ ಮತ್ತೆ ಬರೆಯಿರಿ. ಎರಡು ಕೋಷ್ಟಕಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ತೊಟ್ಟಿಯೊಳಗೆ ಕಣ್ಣಿಗೆ ಕಾಣದ ಬೇಲಿಗಳು ಎಲ್ಲೆಲ್ಲಿ ಹಾದುಹೋಗಿವೆ ಎಂಬುದು ನಿಮಗೇ ಗೊತ್ತಾಗುತ್ತದೆ. ಲೊರೆಂಜರು ಕೂಡ ಕಚ್ಚಾಟಗಳನ್ನು ಎಣಿಸುತ್ತಲೇ ತಮ್ಮ ತತ್ತ್ವವನ್ನು ಕಂಡುಕೊಂಡರು.