ತಂತಿಯ ಕಟ್ಟು, ಯಂತ್ರದ ಗಂಟು

ಕಟ್ಟುವ ಕೆಲಸ ನಮ್ಮ ಜನಕ್ಕೆ ಹೊಸತಲ್ಲ. ಶಂಕರಪುರದ ಮಲ್ಲಿಗೆಯನ್ನು ಬಾಳೆಯ ನಾರಿನಲ್ಲಿ ಕಟ್ಟುವವರು 800 ಹೂಗಳಿಗೆ ಒಂದು ಚೆಂಡೆಂದೂ ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆಯೆಂದೂ ಲೆಕ್ಕವಿಡುತ್ತಾರೆ. ಬೀಡಿ ಸುರುಟುವ ತಾಯಂದಿರಿಗೆ ದಾರ ಸುತ್ತುವ ಬೆರಳಿನ ವೇಗವೇ ಬಂಡವಾಳ. ಊರು ಬಿಟ್ಟು ಠಾಣಾ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ನಮ್ಮವರಲ್ಲಿ ಕೆಲವರ ಕೈಗೆ ಇಲ್ಲಿ ಮತ್ತೊಂದು ಬಗೆಯ ಕಟ್ಟು ಬಂದಿತು. ಅದು ವಿದ್ಯುತ್ ತಂತಿಯ ಕಟ್ಟು. ಇಂದು ಆ ಕಟ್ಟನ್ನು ಯಂತ್ರವು ಕಟ್ಟತೊಡಗಿರುವುದರಿಂದ ವಾಚಕರ ಮುಂದೆ ಈ ವಿಷಯವನ್ನಿಡುವುದು ಯೋಗ್ಯವೆಂದು ತೋರಿತು.

ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು 1962ರಲ್ಲಿ ಸ್ಥಾಪಿತವಾದ ಅನಂತರ ಠಾಣೆಯ ವಾಗ್ಳೆ ಎಸ್ಟೇಟು, ಡೊಂಬಿವಲಿಯ ಕೈಗಾರಿಕಾ ವಸಾಹತು, ಠಾಣಾ-ಬೇಲಾಪುರ ರಸ್ತೆಯ ಇಕ್ಕೆಲಗಳು ಕಾರ್ಖಾನೆಗಳಿಂದ ತುಂಬಿದವು. ಕಳವಾದಲ್ಲಿ ಸೀಮೆನ್ಸ್‌ನಂಥ ದೊಡ್ಡ ಸಂಸ್ಥೆ ಸ್ವಿಚ್‌ಗೇರ್ ತಯಾರಿಸಿದರೆ, ಗಲ್ಲಿಗಳ ಗಾಳೆಗಳಲ್ಲಿ ಸಣ್ಣ ಉದ್ಯಮಿಗಳು ಇತರರಿಗೆ ಬೇಕಾದ ಬಿಡಿಭಾಗಗಳನ್ನು ಒದಗಿಸಿದರು. ಮಿಕ್ಸರ್ ಆಗಲಿ, ಶೀತಕಪಾಟು ಆಗಲಿ, ಮೋಟಾರು ಗಾಡಿಯಾಗಲಿ, ಅದರ ಹೊಟ್ಟೆಯೊಳಗೆ ಇರುವುದು ಗೊತ್ತಾದ ಉದ್ದಕ್ಕೆ ಕತ್ತರಿಸಿದ ತಂತಿಗಳು. ಕತ್ತರಿಸಿ, ತುದಿ ಸುಲಿದು, 50 ಅಥವಾ 100ರಂತೆ ಎಣಿಸಿ, ತುದಿಗಳನ್ನು ಸಮ ಮಾಡಿ ಕಟ್ಟದಿದ್ದರೆ ಅವು ಒಂದಕ್ಕೊಂದು ತೊಡರಿ ಹುಲ್ಲಿನ ರಾಶಿಯಂತಾಗುತ್ತವೆ. ಈ ಎಣಿಸುವ, ಕಟ್ಟುವ ಕೆಲಸವೇ ಚೀಲದಲ್ಲಿ ತುಂಬಿಕೊಂಡು ಚಾಳುಗಳ ಮನೆಗಳಿಗೆ ಬರುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ ಗೃಹಿಣಿಯರು ಕಟ್ಟುತ್ತಿದ್ದರು. ಶಾಲೆಯಿಂದ ಬಂದ ಮಕ್ಕಳು ಎಣಿಸುತ್ತಿದ್ದರು. ಎಷ್ಟೋ ಮನೆಗಳಲ್ಲಿ ಶಾಲೆಯ ಶುಲ್ಕ ಹುಟ್ಟಿದ್ದು ಆ ಚೀಲದಿಂದ.

ತಂತಿ ಕಟ್ಟುವ ವಿದ್ಯೆಗೆ ತನ್ನದೇ ಚರಿತ್ರೆಯಿದೆ. ತಾರು ಮತ್ತು ದೂರವಾಣಿಯ ಕಾಲದಿಂದಲೂ ಮೇಣ ಹಚ್ಚಿದ ದಾರದಿಂದ ಗೇಣುಗೇಣಿಗೆ ಗಂಟು ಹಾಕುತ್ತ ಸಾಗುವ ಪದ್ಧತಿಯಿತ್ತು. ಅಮೆರಿಕದ ಮಾರಸ್ ಲೋಗನ್ ಎಂಬವರು 1956ರಲ್ಲಿ ಬೋಯಿಂಗ್ ವಿಮಾನ ಕಾರ್ಖಾನೆಗೆ ಹೋದಾಗ ಅಲ್ಲಿನ ಕಾರ್ಮಿಕರು ಸಾವಿರಾರು ಅಡಿ ತಂತಿಯನ್ನು ಈ ದಾರದಿಂದ ಬಿಗಿಯುತ್ತಿದ್ದರು. ಎಳೆದೆಳೆದು ಅವರ ಬೆರಳುಗಳು ಕೊಯ್ದು ಜಡ್ಡುಗಟ್ಟಿದ್ದವು. ಆ ಕೈಗಳನ್ನು ಕಂಡ ಲೋಗನ್ 1958ರಲ್ಲಿ ಹಲ್ಲಿನ ಹಿಡಿತವುಳ್ಳ ಪಟ್ಟಿಯೊಂದನ್ನು ರೂಪಿಸಿದರು. ಇಂದು ಯಾವ ಇಲೆಕ್ಟ್ರಿಕ್ ಅಂಗಡಿಯಲ್ಲಿ ಕೇಳಿದರೂ ಸಿಗುವ ಕೇಬಲ್ ಟೈ ಅದರ ಸಂತಾನ. ಕಾರ್ಮಿಕನ ಕೈನೋವಿನಿಂದ ಹುಟ್ಟಿದ ಸಾಧನವಿದು ಎಂಬುದನ್ನು ಯಂತ್ರವನ್ನು ಬಯ್ಯುವ ಮೊದಲು ನೆನೆಯಬೇಕು.

ಈಗ ಯಂತ್ರಗಳ ಮಾತು. ಮೊದಲನೆಯದು ಕತ್ತರಿಸುವ ಯಂತ್ರದ ಬೆನ್ನಿಗೇ ಜೋಡಿಸುವ ತೊಟ್ಟಿ. ಸುರುಳಿಯಿಂದ ಬಂದ ತಂತಿಯನ್ನು ಉರುಳೆಗಳು ಅಳೆದು ಮುಂದಕ್ಕೆ ತಳ್ಳುತ್ತವೆ, ಅಲಗು ಕತ್ತರಿಸುತ್ತದೆ, ತುಂಡು ತೊಟ್ಟಿಗೆ ಬೀಳುತ್ತದೆ. ಗೊತ್ತುಪಡಿಸಿದ ಎಣಿಕೆ ಮುಗಿದೊಡನೆ ತೊಟ್ಟಿ ವಾಲಿ ಕಂತೆಯನ್ನು ಕೆಳಗಿಳಿಸುತ್ತದೆ. ಹೀಗೆ ಎಣಿಸುವವನ ಕೆಲಸ ಕಟ್ಟುವವನಿಗಿಂತ ಮೊದಲೇ ಹೋಯಿತು.

ಎರಡನೆಯದು ತಿರುಚುವ ಯಂತ್ರ. ಪ್ಲಾಸ್ಟಿಕ್ ಹೊದಿಸಿದ ತೆಳು ಕಬ್ಬಿಣದ ತಂತಿಯ ರೀಲೊಂದು ಮೇಲಿರುತ್ತದೆ. ಕಂತೆಯನ್ನು ಬಾಯಿಯಂಥ ಸಂದಿನಲ್ಲಿಟ್ಟೊಡನೆ ಬಾಗಿದ ತೋಳು ಸುತ್ತಿ ಬರುತ್ತದೆ, ಅಲಗು ತುಂಡರಿಸುತ್ತದೆ, ಕೊಕ್ಕೆ ಎರಡು ತುದಿಗಳನ್ನೂ ಹಿಡಿದು ತಿರುಚುತ್ತದೆ. ಬೇಕರಿಯವರು ರೊಟ್ಟಿಯ ಚೀಲದ ಬಾಯಿಗೆ ಹಾಕುವ ತಿರುಚು ಇದೇ ಜಾತಿಯದು. ಮನೆಯ ವಯರಿಂಗಿಗೆ ಕೊಳ್ಳುವ 90 ಮೀಟರಿನ ಸುರುಳಿಯನ್ನಾದರೋ ಯಂತ್ರವೇ ಅಳೆದು, ಸುತ್ತಿ, ಎರಡು ಮೂರು ಕಡೆ ಕಟ್ಟಿ ಹೊರಹಾಕುತ್ತದೆ. ಉಪಕರಣಗಳ ಬಳ್ಳಿಯನ್ನು ಎಂಟರ ಅಂಕೆಯ ಆಕಾರಕ್ಕೆ ಮಡಿಸಿ ಸೊಂಟಕ್ಕೆ ಗಂಟು ಹಾಕುವ ಯಂತ್ರವೂ ಉಂಟು. ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ಮಾಡಿಗೆ ನೂಲಿನ ಉಂಡೆ ತೂಗುಹಾಕಿ, ಇಡ್ಲಿಯ ಪೊಟ್ಟಣಕ್ಕೆ ಎರಡು ಸುತ್ತು ಸುತ್ತಿ ಬೆರಳಲ್ಲೇ ಪಟ್ಟನೆ ಹರಿಯುವ ಹುಡುಗರ ಚಾತುರ್ಯವನ್ನು ಕಂಡವನು ನಾನು. ಯಂತ್ರ ಮಾಡುವುದು ಅದನ್ನೇ. ಆದರೆ ಅದಕ್ಕೆ ಗಿರಾಕಿಯೊಡನೆ ಹರಟುವ ಚಪಲವಿಲ್ಲ.

ಮೂರನೆಯದು ಕೇಬಲ್ ಟೈ ಬಿಗಿಯುವ ಪಿಸ್ತೂಲು. ಪಟ್ಟಿಗಳು ತಾವಾಗಿ ಮುಂದೆ ಬರುತ್ತವೆ. ಕಂತೆಯ ಮೇಲಿಟ್ಟು ಒತ್ತಿದರೆ ಸುಮಾರು ಒಂದು ಸೆಕೆಂಡಿನಲ್ಲಿ ಸುತ್ತಿ, ಬಿಗಿದು, ಬಾಲವನ್ನು ಕತ್ತರಿಸಿಬಿಡುತ್ತದೆ. ಅಂಟುಪಟ್ಟಿ ಸುತ್ತುವ ಯಂತ್ರವನ್ನೂ ಇದೇ ಸಾಲಿನಲ್ಲಿ ಸೇರಿಸಬಹುದು.

ಇವುಗಳಲ್ಲಿ ನಿಜವಾದ ವಿದ್ಯೆ ಇರುವುದು ಬಿಗಿಯಲ್ಲಿ. ಬಿಗಿ ಕಡಿಮೆಯಾದರೆ ಕಂತೆ ಜಾರುತ್ತದೆ. ಹೆಚ್ಚಾದರೆ ಪಟ್ಟಿಯು ತಂತಿಯ ಮೇಲಿನ ಹೊದಿಕೆಯನ್ನು ಒತ್ತಿ ಹಾಳುಮಾಡುತ್ತದೆ, ದೋಷವು ತಿಂಗಳುಗಳ ಬಳಿಕ ಗಿರಾಕಿಯ ಮನೆಯಲ್ಲಿ ಹೊರಬೀಳುತ್ತದೆ. ಬಾಲವನ್ನು ಓರೆಯಾಗಿ ಕತ್ತರಿಸಿದರೆ ಉಳಿದ ಮೊಳೆ ದುರಸ್ತಿಯವನ ಮುಂಗೈಯನ್ನು ಸೀಳುತ್ತದೆ. ನೈಲಾನು ಗಾಳಿಯ ತೇವವನ್ನು ಹೀರಿ ಮೆತ್ತಗಿರುವ ವಸ್ತು; ಒಣಗಿತೆಂದರೆ ಬಿಗಿಯುವಾಗಲೇ ಮುರಿಯುತ್ತದೆ. ಇದನ್ನೆಲ್ಲ ಬಲ್ಲ ಕೈ ಯಂತ್ರದ ಬಳಿ ಇರಲೇಬೇಕು. ಇಷ್ಟಾಗಿಯೂ ಅಂತರಿಕ್ಷ ನೌಕೆಗಳ ತಂತಿಗಳನ್ನು ಇಂದಿಗೂ ದಾರದಿಂದ ಕೈಯಲ್ಲೇ ಕಟ್ಟುವ ರೂಢಿ ಬಿಟ್ಟಿಲ್ಲ! ಒಂದೇ ಅಳತೆಯ ಹತ್ತು ಸಾವಿರ ಕಂತೆಗಳಿದ್ದರೆ ಯಂತ್ರಕ್ಕೆ ಲಾಭ. ಇಪ್ಪತ್ತು ಬಗೆಯ ಐವತ್ತು ಕಂತೆಗಳಿದ್ದರೆ ಅದನ್ನು ಹೊಂದಿಸುವುದರಲ್ಲೇ ಹೊತ್ತು ಹೋಗುತ್ತದೆ.

ಆದರೆ ಚಾಳಿನ ಮನೆಗೆ ಬರುತ್ತಿದ್ದುದು ಆ ಒಂದೇ ಅಳತೆಯ ಕೆಲಸವೇ. ನನ್ನ ಕಳವಳ ಇರುವುದು ಇಲ್ಲಿ. ಯಂತ್ರಸುಧಾರಣೆಯಿಂದ ಕಾರ್ಮಿಕರನ್ನು ಕೆಲಸದಿಂದ ತೆಗೆಯಬೇಕಾಗಿ ಬರುವಂತಿದ್ದರೆ ಮಾಲೀಕನು 21 ದಿನ ಮೊದಲೇ ತಿಳುವಳಿಕೆ ಪತ್ರ ಕೊಡಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆ ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಅಂಥ ನಿಯಮ ಉಳಿದಿದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಗೃಹಿಣಿಗೆ ಈ ಪತ್ರವನ್ನು ತಂದು ಕೊಡುವವರು ಯಾರು? ಅವಳಿಗೆ ಸುದ್ದಿ ಮುಟ್ಟುವುದು ಚೀಲ ಬಾರದೆ ಹೋದ ದಿನ. ನಮ್ಮ ಜಿಲ್ಲೆಯ ಬೀಡಿ ಕಟ್ಟುವ ಹೆಂಗಸು ಈ ವಿಷಯದಲ್ಲಿ ಹೆಚ್ಚು ಪುಣ್ಯವಂತಳು. 1966ರ ಬೀಡಿ ಕಾಯಿದೆಯು ಮನೆಯಲ್ಲಿ ಕುಳಿತು ದುಡಿಯುವವಳನ್ನೂ ನೌಕರಳೆಂದೇ ಪರಿಗಣಿಸಿತು. ತಂತಿ ಕಟ್ಟುವವಳಿಗಾಗಿ ಅಂಥ ಪ್ರತ್ಯೇಕ ಕಾಯಿದೆಯೊಂದು ಹುಟ್ಟಲಿಲ್ಲ.

ಯಂತ್ರ ಬೇಡವೆಂದು ಕೂಗುವುದು ನನ್ನ ಉದ್ದೇಶವಲ್ಲ. ಮೇಜಿನ ಮೇಲಿಡುವ ತಿರುಚು ಯಂತ್ರದ ಬಾಯಿಗೆ ಕಂತೆಯನ್ನಿಡಲು, ರೀಲು ಬದಲಿಸಲು, ಸಿಕ್ಕಿಕೊಂಡ ತುಂಡನ್ನು ಬಿಡಿಸಲು, ಬಿಗಿಯನ್ನು ಹೊಂದಿಸಲು ಒಬ್ಬರು ಬೇಕೇ ಬೇಕು. ಹತ್ತು ವರ್ಷ ಕೈಯಿಂದ ಕಟ್ಟಿದವಳಿಗೆ ಕಂತೆಯ ಬಿಗಿ ಸರಿಯಿದೆಯೋ ಇಲ್ಲವೋ ಎಂಬುದು ಮುಟ್ಟಿದೊಡನೆ ತಿಳಿಯುತ್ತದೆ. ಆ ಸ್ಥಾನಕ್ಕೆ ಹೊಸಬನನ್ನು ಹುಡುಕುವ ಮೊದಲು, ಚೀಲವನ್ನು ಯಾವ ಚಾಳಿಗೆ ಕಳುಹಿಸುತ್ತಿದ್ದರೋ ಆ ಬಾಗಿಲನ್ನೇ ಒಮ್ಮೆ ತಟ್ಟಬಹುದೆಂದು ಗಾಳೆಯ ಮಾಲೀಕರಿಗೆ, ಅವರಲ್ಲಿ ನಮ್ಮ ಕನ್ನಡ ಬಂಧುಗಳೂ ಇರುವುದರಿಂದ, ಈ ಮೂಲಕ ಬಿನ್ನವಿಸುತ್ತೇನೆ.