ಹಿಂದಿನ ಸಸ್ಪೆನ್ಷನ್: ಆಯ್ಕೆಗೆ ಬಳಕೆಯೇ ಅಳತೆಗೋಲು

ಇಂಜಿನ್ನಿನ ಶಕ್ತಿ ಹೆಚ್ಚಿದ ಮಾತ್ರಕ್ಕೆ ಕಾರು ಸ್ಪರ್ಧೆಗೆ ಸಿದ್ಧವಾಗುವುದಿಲ್ಲ. ಆ ಶಕ್ತಿಯನ್ನು ರಸ್ತೆಗೆ ಮುಟ್ಟಿಸುವ ಹಿಂದಿನ ಚಕ್ರಗಳನ್ನು ಸ್ವಸ್ಥಾನದಲ್ಲಿ ನಿಲ್ಲಿಸುವ ಹೊಣೆ ಸಸ್ಪೆನ್ಷನ್ನಿನ ಕೊಂಡಿಗಳದ್ದು. ಯಾವ ಜೋಡಣೆಯನ್ನು ಆರಿಸಬೇಕೆಂಬುದು ಗ್ರಾಹಕನಿಗಷ್ಟೇ ಅಲ್ಲ, ಬಿಡಿಭಾಗ ತಯಾರಕನಿಗೂ ಮುಖ್ಯವಾದ ಪ್ರಶ್ನೆ.

ಅಮೆರಿಕದ ಫೋರ್ಡ್ ಮಸ್ಟಾಂಗ್ ಇದಕ್ಕೆ ಉತ್ತಮ ನಿದರ್ಶನ. 1964ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಅಖಂಡ ಆಕ್ಸಲ್‌ಗೆ ಲೀಫ್ ಸ್ಪ್ರಿಂಗ್‌ಗಳಿದ್ದವು. 1979ರ ಮಾದರಿಯಲ್ಲಿ ಕಾಯಿಲ್ ಸ್ಪ್ರಿಂಗ್ ಹಾಗೂ ನಾಲ್ಕು ಕೊಂಡಿಗಳು ಬಂದವು. ಓರೆಯಾಗಿ ಕೂಡಿಸಿದ ಮೇಲಿನ ಎರಡು ಕೊಂಡಿಗಳೇ ಆಕ್ಸಲ್ ಪಕ್ಕಕ್ಕೆ ಸರಿಯದಂತೆಯೂ ತಡೆಯಬೇಕಾಗಿದ್ದುದರಿಂದ, ತಿರುವುಗಳಲ್ಲಿ ಬುಷ್‌ಗಳು ಒತ್ತಡಕ್ಕೆ ಸಿಕ್ಕಿ ಚಲನೆ ಬಿಗಿಯಾಗುತ್ತಿತ್ತು. 2005ರ ಮಾದರಿಯಲ್ಲಿ ಮೂರು ಕೊಂಡಿಗಳೊಡನೆ ಅಡ್ಡಲಾಗಿ ಪ್ಯಾನ್‌ಹಾರ್ಡ್ ರಾಡ್ ಅಳವಡಿಸಿ ಆ ಹೊರೆಯನ್ನು ಬೇರ್ಪಡಿಸಲಾಯಿತು. 2015ರ ಮಾದರಿಯಿಂದ ಎಲ್ಲ ಮಸ್ಟಾಂಗ್‌ಗಳಿಗೂ ಸ್ವತಂತ್ರ ಸಸ್ಪೆನ್ಷನ್ ಬಂದಿತು.

ಪ್ಯಾನ್‌ಹಾರ್ಡ್ ರಾಡಿನ ಒಂದು ತುದಿ ಆಕ್ಸಲ್‌ಗೂ ಮತ್ತೊಂದು ಕಾರಿನ ಚೌಕಟ್ಟಿಗೂ ಸೇರಿರುತ್ತದೆ. ಆದ್ದರಿಂದ ಆಕ್ಸಲ್ ಏರಿಳಿಯುವಾಗ ಕಮಾನಿನಂತೆ ಚಲಿಸಿ ತುಸು ಪಕ್ಕಕ್ಕೆ ಸರಿಯುತ್ತದೆ. ಸಮತಲವಾಗಿರುವ 1000 ಮಿ.ಮೀ. ಉದ್ದದ ರಾಡಿನ ತುದಿ 50 ಮಿ.ಮೀ. ಏರಿದರೆ ಈ ಸರಿತ ಸುಮಾರು 1.25 ಮಿ.ಮೀ.; ರಾಡು 500 ಮಿ.ಮೀ. ಇದ್ದರೆ 2.5 ಮಿ.ಮೀ. ಎಂದರೆ ರಾಡು ಉದ್ದವಾಗಿರಬೇಕು, ಸಮತಲಕ್ಕೆ ಹತ್ತಿರವಿರಬೇಕು. ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದಾಗ ಆಕ್ಸಲ್ ನಡುವಿನಿಂದ ಕದಲುವುದರಿಂದ, ಉದ್ದವನ್ನು ಹೊಂದಿಸಬಹುದಾದ ರಾಡಿಗೆ ಬೇಡಿಕೆ ಹುಟ್ಟುತ್ತದೆ.

ಜೇಮ್ಸ್ ವಾಟ್ ಉಗಿಯಂತ್ರಕ್ಕಾಗಿ ರೂಪಿಸಿದ ವಾಟ್ ಲಿಂಕೇಜ್ ಈ ಸರಿತವನ್ನು ಬಹುಮಟ್ಟಿಗೆ ನಿವಾರಿಸುತ್ತದೆ. 1998ರ ಫೋರ್ಡ್ ಕ್ರೌನ್ ವಿಕ್ಟೋರಿಯಾದಲ್ಲಿ ಇದನ್ನು ಬಳಸಲಾಯಿತು. ಆದರೆ ಬಿಡಿಭಾಗಗಳೂ ತೂಕವೂ ಬೆಲೆಯೂ ಹೆಚ್ಚು.

ಆದಕಾರಣ “ಯಾವುದು ಶ್ರೇಷ್ಠ?” ಎಂಬ ಪ್ರಶ್ನೆಗಿಂತ “ಯಾವ ಬಳಕೆಗೆ?” ಎಂಬುದು ಮೊದಲು ಬರಬೇಕು. ನೇರ ಓಟದ ಸ್ಪರ್ಧೆಗೆ ಗಟ್ಟಿಮುಟ್ಟಾದ ಅಖಂಡ ಆಕ್ಸಲ್ ಒಪ್ಪುತ್ತದೆ. ಏರುಪೇರಿನ ರಸ್ತೆಗೂ ತಿರುವುಗಳಿಗೂ ಸ್ವತಂತ್ರ ಸಸ್ಪೆನ್ಷನ್ ಅನುಕೂಲ. ರಬ್ಬರ್ ಬುಷ್ ಸದ್ದನ್ನೂ ಅದುರನ್ನೂ ತಗ್ಗಿಸುತ್ತದೆ. ಲೋಹದ ಗೋಳಾಕಾರದ ಕೀಲು ನಿಖರವಾದರೂ ಸದ್ದನ್ನು ಒಳಗೆ ಬಿಡುತ್ತದೆ, ಧೂಳಿನಲ್ಲಿ ಬೇಗ ಸವೆಯುತ್ತದೆ.

ತಯಾರಕರು ಮರೆಯಬಾರದ ಅಂಶವೊಂದಿದೆ. ಕೊಂಡಿಯ ಬೆಲೆ ಕಡಿಮೆಯಿರಬಹುದು. ಅದರ ವೆಲ್ಡಿಂಗ್ ವೇಗದಲ್ಲಿ ಬಿರಿದರೆ ತೆರಬೇಕಾದ ಬೆಲೆ ಒಂದು ಜೀವ. ಉಕ್ಕಿನ ದರ್ಜೆ, ರಂಧ್ರಗಳ ನಡುವಿನ ಅಂತರ ಹಾಗೂ ಪ್ರತಿಯೊಂದು ಬೆಸುಗೆಯ ತಪಾಸಣೆಯಲ್ಲಿ ರಾಜಿ ಮಾಡಿಕೊಳ್ಳದ ಘಟಕಕ್ಕೆ ಮಾತ್ರ ಈ ಕ್ಷೇತ್ರದಲ್ಲಿ ಹೆಸರು ಉಳಿಯುತ್ತದೆ.