ಮೋಟಾರು ಗಾಡಿಯ ಅರ್ತ್ ತಂತಿ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಣ ನವನಗರದಲ್ಲಿ ವಾಸಮಾಡತಕ್ಕವರಿಗೆ ಬೆಳಗಿನ ಜಾವದ ಒಂದು ಸದ್ದು ಚಿರಪರಿಚಿತವಾದುದು. ಅಮರಗೋಳದ ಮಾರುಕಟ್ಟೆಗೆ ಉಳ್ಳಾಗಡ್ಡಿ, ಒಣಮೆಣಸಿನಕಾಯಿಗಳನ್ನು ಹೊತ್ತು ತರುವ ಗಾಡಿಗಳ ಸದ್ದು ಅದು. ಮಳೆಗಾಲದಲ್ಲಿ ಅದರೊಡನೆ ಮತ್ತೊಂದು ಸೇರಿಕೊಳ್ಳುತ್ತದೆ: ಕೀಲಿ ತಿರುವಿದಾಗ ಇಂಜಿನು ತಿರುಗದೆ, 'ಟಕ್' ಎಂದು ಸುಮ್ಮನಾಗುವ ಸದ್ದು. ಬ್ಯಾಟರಿ ಸತ್ತಿತೆಂದು ಚಾಲಕನು ನಿಶ್ಚಯಿಸಿಬಿಡುತ್ತಾನೆ. ಆದರೆ ಅನೇಕ ವೇಳೆ ಕೆಟ್ಟಿರುವುದು ಬ್ಯಾಟರಿಯಲ್ಲ. ಯಾರ ಕಣ್ಣಿಗೂ ಬೀಳದಂತೆ ಕೆಸರಿನಲ್ಲಿ ಮುಚ್ಚಿಹೋಗಿರುವ ಮೊಳದುದ್ದದ ಒಂದು ತಂತಿ. ಅದರ ವಿಚಾರವಾಗಿ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಅರ್ತ್ ಎಂಬ ಹೆಸರೇ ಇಲ್ಲಿ ದಾರಿ ತಪ್ಪಿಸುವಂತಹುದು. ಮನೆಯ ಅರ್ತ್ ತಂತಿ ನಿಜವಾಗಿಯೂ ಭೂಮಿಗೆ ಇಳಿಯುತ್ತದೆ. ಅದು ನಮ್ಮ ಪ್ರಾಣರಕ್ಷಣೆಗಾಗಿ ಇರುವುದು. ರಬ್ಬರಿನ ಚಕ್ರಗಳ ಮೇಲೆ ನಿಂತ ಗಾಡಿಗಾದರೋ ಭೂಮಿಯ ಸಂಬಂಧವೇ ಇಲ್ಲ. ಅಲ್ಲಿ ಅರ್ತ್ ಎಂದರೆ ವಿದ್ಯುತ್ಪ್ರವಾಹವು ಬ್ಯಾಟರಿಗೆ ಹಿಂದಿರುಗುವ ಮಾರ್ಗ. ಬ್ಯಾಟರಿಯ ಧನಧ್ರುವದಿಂದ ಹೊರಟ ಪ್ರವಾಹವು ತಂತಿಯ ಮೂಲಕ ದೀಪಕ್ಕೋ ಕಹಳೆಗೋ ಹೋಗಿ, ಗಾಡಿಯ ಕಬ್ಬಿಣದ ಮೈಯಲ್ಲಿಯೇ ಹರಿದು ಋಣಧ್ರುವವನ್ನು ಸೇರುತ್ತದೆ. ಇದರಿಂದ ಅರ್ಧದಷ್ಟು ತಂತಿ ಉಳಿಯಿತು. (ಬ್ರಿಟನ್ನಿನ ಹಲವು ಹಳೆಯ ಗಾಡಿಗಳಲ್ಲಿ ಧನಧ್ರುವವನ್ನೇ ಮೈಗೆ ಕಟ್ಟುತ್ತಿದ್ದರು. ಅಂತಹ ಗಾಡಿಯನ್ನು ಇಟ್ಟುಕೊಂಡಿರುವವರು ಮುಂದೆ ಹೇಳುವುದನ್ನು ತಿರುವುಮುರುವಾಗಿ ಗ್ರಹಿಸತಕ್ಕದ್ದು.)

ಆದರೆ ಇಂಜಿನು ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುವುದರಿಂದ ಅದಕ್ಕೂ ಚಾಸಿಗೂ ನಡುವೆ ವಿದ್ಯುತ್ತಿಗೆ ದಾರಿಯಿಲ್ಲ. ಆ ಕಂದಕಕ್ಕೆ ಹಾಕಿದ ಸೇತುವೆಯೇ ನಮ್ಮ ಮೊಳದುದ್ದದ ತಂತಿ ಅಥವಾ ಹೆಣೆದ ತಾಮ್ರದ ಪಟ್ಟಿ. ಸ್ಟಾರ್ಟರ್ ಬಳಸುವ ಪ್ರವಾಹವೆಲ್ಲ ಇದರ ಮೇಲೆಯೇ ಹಾಯಬೇಕು. ಆ ಪ್ರವಾಹವೋ ಅಲ್ಪವಲ್ಲ. ಸಣ್ಣ ಗಾಡಿಗೂ ನೂರು ಇನ್ನೂರು ಆಂಪಿಯರುಗಳು ಬೇಕಾಗುತ್ತವೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. 25 ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಯ ಒಂದು ಮೀಟರಿನಲ್ಲಿ 200 ಆಂಪಿಯರು ಹರಿದರೆ ನಷ್ಟವಾಗುವುದು ಸುಮಾರು 0.14 ವೋಲ್ಟು. ಅದೇ 6 ಚದರ ಮಿಲಿಮೀಟರಿನದಾದರೆ ಅರ್ಧ ವೋಲ್ಟಿಗೂ ಮೀರಿತು. ಇವೆರಡನ್ನೂ ನಾಚಿಸುವುದು ತುಕ್ಕು. ಕೂಡುವೆಡೆಯಲ್ಲಿ ಓಮಿನ ನೂರನೆಯ ಒಂದು ಪಾಲು ತಡೆಯುಂಟಾದರೆ ಸಾಕು, ಅಷ್ಟೇ ಪ್ರವಾಹಕ್ಕೆ 2 ವೋಲ್ಟು ಅಲ್ಲಿಯೇ ಲಯವಾಗಿ, 400 ವ್ಯಾಟಿನ ಶಾಖವು ಒಂದು ಬೋಲ್ಟಿನ ಬುಡದಲ್ಲಿ ಹುಟ್ಟುತ್ತದೆ. 12 ವೋಲ್ಟಿನ ಬ್ಯಾಟರಿ ಇಷ್ಟನ್ನು ಕಳೆದುಕೊಂಡು ಇಂಜಿನನ್ನು ತಿರುಗಿಸುವುದು ದುಸ್ತರ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ಹಳೆಯ ಜೀಪು ಒಂದು ಆಷಾಢದಲ್ಲಿ ಹೀಗೆಯೇ ಮುಷ್ಕರ ಹೂಡಿತು. ಹೊಸ ಬ್ಯಾಟರಿ ಹಾಕಿಸಿದೆ. ಕಾರ್ಖಾನೆಯೊಂದರಲ್ಲಿ ಸ್ಟಾರ್ಟರನ್ನೂ ಬಿಚ್ಚಿಸಿ ಹಣ ತೆತ್ತೆ. ನಾಲ್ಕು ದಿನಗಳಾದ ಮೇಲೆ, ನೆರೆಮನೆಯ ಮುದುಕಿಯನ್ನು ಆಸ್ಪತ್ರೆಗೆ ಒಯ್ಯಬೇಕಾಗಿ ಬಂದ ರಾತ್ರಿ, ಮತ್ತೆ ಅದೇ 'ಟಕ್'. ನಾಲ್ಕಾರು ಸಲ ಕೀಲಿ ತಿರುವುವಷ್ಟರಲ್ಲಿ ಸುಟ್ಟ ವಾಸನೆ ಬಂದಿತು. ಆ ತಾಯಿಯನ್ನು ಬೇರೊಂದು ಗಾಡಿಯಲ್ಲಿ ಕಳುಹಿಸಿದ್ದಾಯಿತು. ಮರುದಿನ ಬಂದ ಹಿರಿಯ ಮಿಸ್ತ್ರಿಯೊಬ್ಬರು ಆಕ್ಸಿಲರೇಟರಿನ ಉಕ್ಕಿನ ಹುರಿಯನ್ನು ಮುಟ್ಟಿ ನೋಡಿದರು. ಅದರ ಹೊದಿಕೆ ಕರಗಿತ್ತು. ಅರ್ತ್ ಪಟ್ಟಿ ತುಂಡಾಗಿದ್ದುದರಿಂದ ಪ್ರವಾಹವು ಆ ಹುರಿಯನ್ನೇ ಹಿಂದಿರುಗುವ ದಾರಿಯಾಗಿ ಮಾಡಿಕೊಂಡಿತ್ತು! ಓಡುವ ಗಾಡಿಯಲ್ಲಿ ಆ ಹುರಿ ಸಿಕ್ಕಿಕೊಂಡಿದ್ದರೆ ಗತಿಯೇನು? "ಹೋಗೂ ತಂತಿ ಎಲ್ಲಾರೂ ನೋಡ್ತಾರ್ರೀ ಸರ, ಬರೂ ತಂತಿ ಯಾರೂ ನೋಡಂಗಿಲ್ಲ" ಎಂದರು ಅವರು.

ತಂತಿಯನ್ನು ಆರಿಸುವಾಗ ಮೊದಲು ನೋಡತಕ್ಕದ್ದು ದಪ್ಪ. ಧನಧ್ರುವದಿಂದ ಸ್ಟಾರ್ಟರಿಗೆ ಹೋಗುವ ತಂತಿ ಎಷ್ಟು ದಪ್ಪವೋ ಹಿಂದಿರುಗುವುದೂ ಅಷ್ಟೇ ದಪ್ಪವಿರಬೇಕು. ಎರಡನೆಯದು ಎಳೆ. ಮನೆಯ ಗೋಡೆಗೆ ಹಾಕುವ ಬಿರುಸಾದ ತಂತಿ ಇಂಜಿನಿನ ಅದುರಾಟಕ್ಕೆ ಬೇಗನೆ ಮುರಿಯುತ್ತದೆ. ಕೂದಲಿನಂತಹ ನೂರಾರು ಎಳೆಗಳುಳ್ಳ ಮೆತ್ತನೆಯದೇ ಬೇಕು. ಅಳತೆಗಿಂತ ತುಸು ಸಡಿಲವನ್ನೂ ಬಿಡಬೇಕು. ಅಗ್ಗದ ತಂತಿಗಳಲ್ಲಿ ಅಲ್ಯೂಮಿನಿಯಮ್ಮಿನ ಎಳೆಗೆ ತಾಮ್ರದ ತೆಳು ಹೊದಿಕೆ ಕೊಟ್ಟಿರುವುದುಂಟು. ಚಾಕುವಿನಿಂದ ಕೆರೆದರೆ ಗುಟ್ಟು ಹೊರಬೀಳುತ್ತದೆ: ತವರ ಬಳಿದ ಒಳ್ಳೆಯ ತಾಮ್ರವು ಹೊರಗೆ ಬಿಳುಪು, ಒಳಗೆ ಕೆಂಪು, ಇದಾದರೋ ಹೊರಗೆ ಕೆಂಪು, ಒಳಗೆ ಬಿಳುಪು.

ತುದಿಯ ಲಗ್ಗಿನ ವಿಷಯದಲ್ಲಿ ನಮ್ಮವರ ಅಸಡ್ಡೆ ಹೇಳತೀರದು. ಬಾಯಿ ತೆರೆದ ಕವಲಿನ ಲಗ್ಗು ಅದುರಿ ಜಾರುತ್ತದೆ. ಬಳೆಯಂತೆ ಮುಚ್ಚಿದ, ತವರ ಬಳಿದ ತಾಮ್ರದ್ದು ಉತ್ತಮ. ಅದರ ತೂತು ಬೋಲ್ಟಿಗೆ ಸರಿಯಾಗಿ ಕೂಡಬೇಕು. ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂಡಿಸದೆ, ಒತ್ತುವ ಇಕ್ಕಳದಿಂದ ಬಿಗಿಯಾಗಿ ಒತ್ತಿಸಬೇಕು. ಬರಿಯ ಬೆಸುಗೆಯನ್ನು ನೆಚ್ಚುವುದು ಸಲ್ಲದು; ಬೆಸುಗೆ ಹೀರಿದ ಎಳೆಗಳು ಬಿರುಸಾಗಿ, ಬೆಸುಗೆ ಮುಗಿಯುವೆಡೆಯಲ್ಲಿ ತುಂಡಾಗುತ್ತವೆ. ಲಗ್ಗು ಕೂರುವ ಜಾಗದ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹಲ್ಲಿನ ವಾಷರಿಟ್ಟು ಬಿಗಿದು, ಆಮೇಲೆ ಮೇಲುಗಡೆ ಪೆಟ್ರೋಲಿಯಮ್ ಜೆಲ್ಲಿ ಬಳಿಯಬೇಕು. ಹುಬ್ಬಳ್ಳಿಯ ಮೂಡಲ ಸೀಮೆಯ ಎರೆಮಣ್ಣಿನಲ್ಲಿ ತಿರುಗುವ ಗಾಡಿಗಳಿಗೆ ಇದು ಅತ್ಯವಶ್ಯ; ಆ ಕೆಸರು ಒಮ್ಮೆ ಅಂಟಿತೆಂದರೆ ವಾರಗಟ್ಟಲೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಬ್ಯಾಟರಿಯನ್ನು ಬಿಚ್ಚುವಾಗ ಮೈಗೆ ಕಟ್ಟಿದ ಋಣಧ್ರುವವನ್ನು ಮೊದಲು ಬಿಚ್ಚಿ, ಕಟ್ಟುವಾಗ ಕೊನೆಗೆ ಕಟ್ಟತಕ್ಕದ್ದು. ಇಲ್ಲದಿದ್ದರೆ ಧನಧ್ರುವದ ಮೇಲಿನ ಸ್ಪ್ಯಾನರು ಗಾಡಿಯ ಮೈಗೆ ತಗುಲಿ ಕಿಡಿ ಹಾರುವ ಅಪಾಯವುಂಟು. ಈಚೆಗೆ ಬಂದಿರುವ ವಿದ್ಯುತ್ ಗಾಡಿಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳಿವೆ. ಅವು ಮೈಯನ್ನು ಹಿಂದಾರಿಯಾಗಿ ಬಳಸುವಂತಹವಲ್ಲ, ಅವುಗಳ ಒತ್ತಡವು ಪ್ರಾಣಾಂತಿಕ. ತರಬೇತಿಯಿಲ್ಲದವರು ಅವುಗಳನ್ನು ಮುಟ್ಟಲಾಗದು.

ಪರೀಕ್ಷೆಗೆ ಒಂದು ಮೀಟರು ಸಾಕು. ಅದನ್ನು ವೋಲ್ಟಿಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ಋಣಧ್ರುವದ ಸೀಸದ ಗೂಟಕ್ಕೇ ಒತ್ತಿ, ಇನ್ನೊಂದನ್ನು ಇಂಜಿನಿನ ಬರಿಯ ಲೋಹಕ್ಕೆ ಮುಟ್ಟಿಸಿ, ಮತ್ತೊಬ್ಬರಿಂದ ಕೀಲಿ ತಿರುವಿಸಬೇಕು. 0.2 ವೋಲ್ಟಿನೊಳಗಿದ್ದರೆ ಮಾರ್ಗ ಸುಗಮ. ಅರ್ಧ ವೋಲ್ಟು ಮೀರಿದರೆ ಎಲ್ಲಿಯೋ ಅಡಚಣೆಯಿದೆ. ಎರಡನೆಯ ಮೊನೆಯನ್ನು ಒಂದೊಂದೇ ಕೂಡುವೆಡೆಗೆ ಸರಿಸುತ್ತ ಬಂದರೆ, ಅಂಕಿ ಥಟ್ಟನೆ ಇಳಿಯುವ ಕಡೆ ದೋಷವಿರುತ್ತದೆ. ನನ್ನ ಜೀಪಿನಲ್ಲಿ ಹೊಸ ತಂತಿ ಹಾಕಿದ ಮೇಲೆ ಅದು 0.1ಕ್ಕೆ ನಿಂತಿತು. ಸುಟ್ಟ ಆಕ್ಸಿಲರೇಟರು ಹುರಿಯನ್ನಂತೂ ಬದಲಿಸಲೇಬೇಕಾಯಿತು.